ಗುಂಡ ಭಟ್ಟರ ಆರೋಗ್ಯ ಸಮಾಚಾರ

ನಾಯಿಗೂ ಡಾಕ್ಟರಿರುತ್ತಾರೆ ಎಂಬ ಸಂಗತಿ ನನ್ನ ತವರಿನ ಕಡೆಗೆ ಬಹಳ ತಡವಾಗಿ ತಲುಪಿತು. ತೀರ್ಥಹಳ್ಳಿಯಿಂದ ಒಳಗೆ, ಅಡಿಕೆ ತೋಟಗಳ ನಡುವಿನ ಆ ಮನೆಗೆ ದನದ ಡಾಕ್ಟರು ಬರುತ್ತಿದ್ದರು. ಅವರಿಗೆ ಕಾಫಿ, ಕೋಡುಬಳೆ, ಕೈ ತೊಳೆಯಲು ಹಂಡೆಯ ಬಿಸಿನೀರು ಎಲ್ಲ ಸಿದ್ಧವಾಗಿರುತ್ತಿತ್ತು. ಅಂಗಳದ ಮೂಲೆಯಲ್ಲಿ ಮಲಗಿ ಈ ಸಂಭ್ರಮವನ್ನು ನೋಡುತ್ತಿದ್ದ ಕಾಳನಿಗೆ ಜ್ವರ ಬಂದರೆ ಮಾತ್ರ ಅದು ಅವನ ಸ್ವಂತ ವಿಷಯ. ಗರಿಕೆ ತಿಂದು, ವಾಂತಿ ಮಾಡಿ, ಒಂದೆರಡು ದಿನ ಉಪವಾಸ ಬಿದ್ದು ತಾನೇ ಎದ್ದು ಬರುತ್ತಿದ್ದ, ಇಲ್ಲವೇ ಏಳುತ್ತಿರಲಿಲ್ಲ. ಅವನ ವಯಸ್ಸು ಯಾರಿಗೂ ಗೊತ್ತಿರಲಿಲ್ಲ. ಒಬ್ಬ ಕಾಳ ಹೋದರೆ ಇನ್ನೊಬ್ಬ ಕಾಳ ಬರುತ್ತಿದ್ದ. ಹೆಸರು ಬದಲಿಸುವ ಗೋಜಿಗೂ ಅಜ್ಜಯ್ಯ ಹೋಗುತ್ತಿರಲಿಲ್ಲ. ಈ ಕಾಳಂದಿರಲ್ಲಿ ಹೆಚ್ಚಿನವರು ಮುಪ್ಪು ಕಂಡವರೂ ಅಲ್ಲ. ಬೆಳಿಗ್ಗೆ ಅಂಗಳದಲ್ಲಿ ನಾಯಿ ಕಾಣಲಿಲ್ಲವೆಂದರೆ ರಾತ್ರಿ ಚಿರತೆ ಬಂದಿತ್ತೆಂದೇ ಲೆಕ್ಕ. "ಕೊಂಡೋಯ್ತು" ಎಂಬ ಒಂದೇ ಮಾತಿನಲ್ಲಿ ದೊಡ್ಡವರು ವಿಷಯ ಮುಗಿಸುತ್ತಿದ್ದರು. ಮಕ್ಕಳು ಅಳುವುದಿದ್ದರೆ ಶಾಲೆಯಿಂದ ಬಂದ ಮೇಲೆ ಅಳಬಹುದಿತ್ತು.

ಅಷ್ಟೂ ಕಾಳಂದಿರನ್ನು ಮನೆಯಲ್ಲಿ ಯಾರೂ ಮುಟ್ಟಿದವರಲ್ಲ. ಪ್ರೀತಿ ಇರಲಿಲ್ಲವೆಂದಲ್ಲ. ಅಜ್ಜಯ್ಯ ಊಟಕ್ಕೆ ಕೂತಾಗ ಕಾಳನ ಪಾಲಿಗೆಂದೇ ಒಂದು ಹಿಡಿ ಅನ್ನ ಹೆಚ್ಚು ಕಲಸುತ್ತಿದ್ದರು, ಮೇಲೆ ಮಜ್ಜಿಗೆ ಬೇರೆ. ಆದರೆ ಅನ್ನ ಬೀಳುತ್ತಿದ್ದದ್ದು ಎರಡು ಮಾರು ದೂರದಿಂದ. ಆ ಪ್ರೀತಿಗೆ ಬಾಯಿಯೊಂದೇ ದಾರಿ. ಕೈಯ ದಾರಿ ಇರಲಿಲ್ಲ. ಮುಟ್ಟಿದರೆ ಸ್ನಾನ.

ಈಗ ಶಿವಮೊಗ್ಗದ ನಮ್ಮ ಮನೆಯಲ್ಲಿ ಗುಂಡನಿದ್ದಾನೆ. ಲ್ಯಾಬ್ರಡಾರ್ ಜಾತಿಯವನು. ಜಾತಿಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ: ಚಿಕಿತ್ಸಾಲಯದ ರಿಜಿಸ್ಟರಿನಲ್ಲಿ ಅವನು 'ಗುಂಡ ಭಟ್'. ನಾಯಿಯ ಹೆಸರಿನ ಜೊತೆಗೆ ಯಜಮಾನರ ಅಡ್ಡಹೆಸರು ಬರೆದುಕೊಳ್ಳುವುದು ಅಲ್ಲಿನ ಪದ್ಧತಿ. ಹಾಗಾಗಿ ಬೆಂಚಿನ ಮೇಲೆ ಕಾಯುತ್ತ ಕೂತರೆ, "ರಾಕಿ ಗೌಡ ಒಳಗೆ ಬನ್ನಿ, ಜೂಲಿ ಡಿಸೋಜ ಆಮೇಲೆ, ಪಿಂಕಿ ಶೆಟ್ಟಿಗೆ ಬ್ಲಡ್ ಟೆಸ್ಟ್ ಇದೆ, ಏನೂ ತಿನ್ನಿಸಬೇಡಿ" ಎಂಬ ಕೂಗು ಕೇಳುತ್ತಲೇ ಇರುತ್ತದೆ. ಊರಿನ ಎಲ್ಲ ಜಾತಿಗಳೂ ಹೀಗೆ ಒಂದೇ ಬೆಂಚಿನ ಮೇಲೆ, ಒಂದೇ ಉಣ್ಣೆಯ ಭಯದಲ್ಲಿ ಒತ್ತಿಕೊಂಡು ಕೂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಬೆಂಚು ದೊಡ್ಡ ಪಾಠಶಾಲೆ. ತರಕಾರಿ ಬುಟ್ಟಿಯಲ್ಲಿ ಟವೆಲು ಮುಚ್ಚಿಕೊಂಡು ಬಂದ ಬೆಕ್ಕು, ಸ್ಕೂಲ್ ಬ್ಯಾಗಿನ ಜಿಪ್ಪಿನಿಂದ ತಲೆ ಹೊರಹಾಕಿದ ಮರಿ, ಅಂಕಕ್ಕೆ ಸಾಕಿದ್ದೆಂದು ಬಾಯಿಬಿಡದೆ 'ಮನೆ ಕೋಳಿ' ಎಂದು ಬರೆಸಿದ ಹುಂಜ. ಮೊಲ ಹಿಡಿದು ಬಂದ ಹುಡುಗಿಗೆ ಡಾಕ್ಟರು, ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಜಗಿದು ಜಗಿದು ಅದು ಸವೆಯಬೇಕು, ಚಿತ್ರಪುಸ್ತಕದ ಕ್ಯಾರೆಟ್ ಅದಕ್ಕೆ ಜಿಲೇಬಿ ಇದ್ದಂತೆ ಎಂದು ಹೇಳಿದ್ದು ನನಗೂ ಹೊಸದು. ಪಂಜರದಲ್ಲಿ ಗಿಳಿ ತಂದವರಿಗೆ, ರೆಕ್ಕೆ ನೋಡುವ ಮೊದಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಾಠವಾಯಿತು. ನಮ್ಮ ನೆಲದ ಗಿಳಿಯನ್ನು ಪಂಜರದಲ್ಲಿಡುವುದೇ ಅಪರಾಧ ಎಂದು ಕೇಳಿ ಆ ಮನುಷ್ಯ ಸಪ್ಪಗಾದ. ಗಿಳಿ ಮಾತ್ರ ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳದೆ ಯಾರೋ ಸುಮಾಳನ್ನು ಕಾಫಿಗೆ ಕರೆಯುತ್ತಲೇ ಇತ್ತು.

ಪ್ರಾಣಿಗಳಿಗೆ ಮಾತು ಬರುವುದಿಲ್ಲ. ಹಾಗಾಗಿ ಅವುಗಳ ಪರವಾಗಿ ನಾವು ಸುಳ್ಳು ಹೇಳುತ್ತೇವೆ.

"ಏನು ತಿಂದ?" ಎಂದು ಡಾಕ್ಟರು ಕೇಳುತ್ತಾರೆ.

"ಎಂತದೂ ಇಲ್ಲ ಡಾಕ್ಟ್ರೇ, ಬರೀ ಮೊಸರನ್ನ" ಎನ್ನುತ್ತಾರೆ ನಮ್ಮ ಅತ್ತೆ.

"ಅಷ್ಟೇನಾ?"

"ಒಂದು ಚೂರು ದೋಸೆ."

"ಬರೀ ದೋಸೆ?"

"ಬೆಣ್ಣೆ ಇತ್ತು ಅನ್ನಿ. ಬರೀ ದೋಸೆ ಹ್ಯಾಗೆ ಕೊಡೋದು, ಮಾರಾಯ್ರೇ?"

ಇಷ್ಟು ಹೊತ್ತಿಗೆ ಗುಂಡ ಡಾಕ್ಟರ ಮೇಜಿನ ಕೆಳಗೆ ಅರ್ಧ ಹೋಳಿಗೆಯನ್ನು ವಾಂತಿ ಮಾಡಿ ಸಾಕ್ಷ್ಯ ಒದಗಿಸಿಬಿಡುತ್ತಾನೆ. ನಿಜವೇನೆಂದರೆ ಗುಂಡನ ಬೆಳಗ್ಗಿನ ತಿಂಡಿ ನಮ್ಮ ಮನೆಯಲ್ಲಿ ಮೂರು ಸಲ ಆಗುತ್ತದೆ. ವಾಕಿಂಗಿನಿಂದ ಬಂದ ಮೇಲೆ ಇವರು ಕೊಡುವುದು ಒಂದು, ನಾನು ತಟ್ಟೆಗೆ ಹಾಕುವುದು ಒಂದು, ಅತ್ತೆ ತಮ್ಮ ಕಾಫಿಯ ಜೊತೆ ಮುರಿದು ಕೊಡುವ ರಸ್ಕು ಒಂದು. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರಿಗೆ ತಿಳಿಸುವ ಅಭ್ಯಾಸ ಗುಂಡನಿಗಿಲ್ಲ.

ಅವನನ್ನಷ್ಟೇ ದೂರುವಂತೆಯೂ ಇಲ್ಲ. ಕೇಂಬ್ರಿಡ್ಜಿನ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಹೊಟ್ಟೆ ತುಂಬಿತೆಂದು ಮಿದುಳಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆಗೆ ಬೇಕಾದ ಒಂದು ವಂಶವಾಹಿ ಸುಮಾರು ನಾಲ್ಕರಲ್ಲೊಂದು ಲ್ಯಾಬ್ರಡಾರ್‌ಗೆ ಅರ್ಧಂಬರ್ಧವಾಗಿದೆ. ಆ ನಾಯಿಗೆ ಹಸಿವೆಂಬುದು ನಿಜಕ್ಕೂ ಮುಗಿಯುವುದಿಲ್ಲ. ಡಾಕ್ಟರು ಇದನ್ನು ವಿವರಿಸಿದಾಗ ಅತ್ತೆ ಕಣ್ಣಲ್ಲಿ ನೀರು ತಂದುಕೊಂಡು, "ಪಾಪ, ಹಸ್ಕೊಂಡೇ ಇರ್ತಾನಂತೆ ಕಣೇ" ಎಂದು ಮನೆಗೆ ಬಂದು ಇನ್ನೊಂದು ರಸ್ಕು ಕೊಟ್ಟರು. ವಿಜ್ಞಾನವನ್ನು ನಮ್ಮ ಮನೆ ಸ್ವೀಕರಿಸುವ ಕ್ರಮ ಇದು.

ಕೊನೆಗೆ ಡಾಕ್ಟರು ತೂಕದ ಮಾತು ಬಿಟ್ಟು ಕೈಯ ಮಾತು ಹಿಡಿದರು. ಅಂಗೈ ಬಿಚ್ಚಿ, ಅದರ ಹಿಂಬದಿಯನ್ನು ಇನ್ನೊಂದು ಕೈಯ ಬೆರಳಿನಿಂದ ಸವರಿ ನೋಡಿ ಎಂದರು. ತೆಳ್ಳನೆಯ ಚರ್ಮದ ಕೆಳಗೆ ಎಲುಬು ತಿಳಿಯುತ್ತದಲ್ಲ, ನಾಯಿಯ ಪಕ್ಕೆಲುಬು ಅಷ್ಟು ತಿಳಿಯಬೇಕು. ಮುಷ್ಟಿ ಕಟ್ಟಿದಾಗಿನ ಗೆಣ್ಣಿನಷ್ಟು ಚುಚ್ಚಿದರೆ ನಾಯಿ ಬಡಕಲು. ಅಂಗೈಯ ಮೆತ್ತನೆ ಭಾಗದಷ್ಟು ಹತ್ತಿದರೆ ನಾಯಿಗೆ ತೂಕ ಹೆಚ್ಚು. ಇವರು ಗುಂಡನ ಪಕ್ಕೆ ಸವರಿ ನೋಡಿದರು. ಆಮೇಲೆ ಗುಟ್ಟಾಗಿ ತಮ್ಮ ಪಕ್ಕೆಯನ್ನೂ ಸವರಿಕೊಂಡದ್ದನ್ನು ನಾನು ಕಂಡೆ. "ದಿನಕ್ಕೊಂದು ಸಲ ತಲೆಯಿಂದ ಬಾಲದವರೆಗೆ ಮೈಮೇಲೆ ಕೈಯಾಡಿಸಿ, ಅಮ್ಮ. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕಂಕುಳಲ್ಲಿ. ನೂರು ಔಷಧಿಗಿಂತ ಅದು ಹೆಚ್ಚು" ಎಂದು ಡಾಕ್ಟರು ಅತ್ತೆಗೆ ಹೇಳಿದರು. ಅತ್ತೆ ಸೆರಗು ಸರಿಮಾಡಿಕೊಂಡರು. ಅವರೂ ನಾಯಿಯನ್ನು ಮುಟ್ಟದ ಮನೆಯಲ್ಲಿ ಬೆಳೆದವರೇ. ರಸ್ಕನ್ನೂ ಮೇಲಿನಿಂದ ಬಿಡುತ್ತಿದ್ದರು. ಗುಂಡ ಗಾಳಿಯಲ್ಲೇ ಹಿಡಿಯುತ್ತಿದ್ದ.

ಹಾಗೆಂದು ಅತ್ತೆಗೂ ಡಾಕ್ಟರಿಗೂ ಸದಾ ವಿರಸವೇನಿರಲಿಲ್ಲ. ನಾಯಿಗೆ ಏನೇನು ಕೊಡಬಾರದು ಎಂಬ ಪಟ್ಟಿಯನ್ನು ಡಾಕ್ಟರು ಒಪ್ಪಿಸಿದ ದಿನ ಅತ್ತೆಯ ಮುಖ ನೋಡಬೇಕಿತ್ತು. ಈರುಳ್ಳಿ, ಬೆಳ್ಳುಳ್ಳಿ ಬೇಡ. ಅವು ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತವೆ ಎಂದರು. "ನಮ್ಮನೇಲಿ ಅದು ಗೇಟು ದಾಟಿ ಒಳಗೆ ಬಂದದ್ದೇ ಇಲ್ಲ" ಎಂದು ಅತ್ತೆ ನನ್ನ ಕಡೆ ತಿರುಗಿ, ಇಷ್ಟು ವರ್ಷದ ವಾದವನ್ನು ಗೆದ್ದವರ ಹಾಗೆ ನೋಡಿದರು. ಕೋಳಿಯ ಬೇಯಿಸಿದ ಮೂಳೆ ಬೇಡ, ಸೀಳಿ ಕರುಳಿಗೆ ಚುಚ್ಚುತ್ತದೆ ಎಂದಾಗ ಇನ್ನೂ ಹಿಗ್ಗಿದರು. ಆದರೆ ದ್ರಾಕ್ಷಿ ಬೇಡ, ಒಣದ್ರಾಕ್ಷಿಯಂತೂ ಬೇಡವೇ ಬೇಡ, ಕಿಡ್ನಿ ಕೆಡುತ್ತದೆ ಎಂದದ್ದೇ ಮೌನವಾದರು. ಹಬ್ಬದ ಪಾಯಸದಲ್ಲಿ ಗುಂಡನಿಗೂ ಪಾಲಿತ್ತು. ಚಾಕೊಲೇಟಿನ ಥಿಯೋಬ್ರೋಮಿನ್ ಮನುಷ್ಯನ ಮೈಯಿಂದ ಬೇಗ ಹೊರಹೋಗುತ್ತದೆ, ನಾಯಿಯ ಮೈಯಲ್ಲಿ ಬಹಳ ಹೊತ್ತು ನಿಂತು ಹೃದಯಕ್ಕೆ ತೊಂದರೆ ಕೊಡುತ್ತದೆ. ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮಿನಲ್ಲಿರುವ ಜೈಲಿಟಾಲ್ ಇನ್ನೂ ಕೆಟ್ಟದ್ದು. ಇದನ್ನೆಲ್ಲ ನಾನು ಫ್ರಿಜ್ಜಿನ ಬಾಗಿಲಿಗೆ ಬರೆದು ಅಂಟಿಸಿದ್ದೇನೆ. ಅಲ್ಲಿ ಗುಂಡ ಒಬ್ಬನೇ ಅದನ್ನು ಶ್ರದ್ಧೆಯಿಂದ ನೋಡುವವನು.

ಮೊಸರನ್ನ ತಿನ್ನುವ ನಾಯಿಯನ್ನು ಕಂಡು ನಗುವವರಿಗೂ ಒಂದು ಮಾತು. ತೋಳವನ್ನೂ ನಾಯಿಯನ್ನೂ ಹೋಲಿಸಿ ನೋಡಿದ ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ಕಂಡುಕೊಂಡದ್ದೇನೆಂದರೆ, ಪಿಷ್ಟವನ್ನು ಜೀರ್ಣಿಸುವ ವಂಶವಾಹಿಯ ಪ್ರತಿಗಳು ನಾಯಿಯಲ್ಲಿ ತೋಳಕ್ಕಿಂತ ಎಷ್ಟೋ ಹೆಚ್ಚಿವೆ. ಬೇಸಾಯಗಾರರ ಹಿತ್ತಲಲ್ಲಿ ಬಿದ್ದದ್ದನ್ನು ತಿಂದು ತಿಂದು ಬದಲಾದ ಹೊಟ್ಟೆ ಅದು. ನಮ್ಮ ಅಜ್ಜಯ್ಯನ ಎರಡು ಮಾರು ದೂರದ ಅನ್ನಕ್ಕೂ ಅದರಲ್ಲೊಂದು ಪಾಲಿದೆ ಎಂದುಕೊಂಡರೆ ನನಗೆ ಸಂತೋಷ. ಆದರೂ ಬರೀ ಅನ್ನ ಸಾಲದು, ಪ್ರೋಟೀನ್ ಬೇಕು, ದಿನಕ್ಕೊಂದು ಬೇಯಿಸಿದ ಮೊಟ್ಟೆ ಕೊಡಿ ಎಂದು ಡಾಕ್ಟರು ಬರೆದ ದಿನದಿಂದ ನಮ್ಮ ಮನೆಯಲ್ಲಿ ಸಂಧಾನ ಸಭೆಗಳು ಶುರುವಾದವು. ಮೊಟ್ಟೆಗೆ ಬೇರೆ ಪಾತ್ರೆ, ಬೇರೆ ಸ್ಟವ್, ಬೇರೆ ಜಾಗ ಎಂದು ತೀರ್ಮಾನವಾಯಿತು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಂಡಕ್ಷನ್ ಸ್ಟವ್ ಇಟ್ಟುಕೊಂಡು, ಮಳೆಗಾಲದಲ್ಲಿ ಕೊಡೆ ಹಿಡಿದುಕೊಂಡು ಇವರು ಮೊಟ್ಟೆ ಬೇಯಿಸುವ ದೃಶ್ಯಕ್ಕೆ ಅಕ್ಕಪಕ್ಕದವರು ಈಗ ಒಗ್ಗಿಕೊಂಡಿದ್ದಾರೆ. ಬಿ.ಪಿ. ಮಾತ್ರೆಯನ್ನೇ ಮರೆಯುವ ಮನುಷ್ಯ ಈ ಮೊಟ್ಟೆಯನ್ನು ಒಂದು ದಿನವೂ ಮರೆತಿಲ್ಲ.

ಬೆಕ್ಕಿನ ವಿಷಯ ಬೇರೆ. ನಮ್ಮ ಬೆಳ್ಳಿ ಯಾರ ಸಲಹೆಯನ್ನೂ ಕೇಳುವವಳಲ್ಲ. ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ. ಮಾಂಸದಲ್ಲಿರುವ ಟಾರಿನ್ ಸಿಗದಿದ್ದರೆ ಅದರ ಕಣ್ಣು, ಹೃದಯ ಎರಡೂ ಸೋಲುತ್ತವೆ. ಮೊಸರನ್ನದ ಮನೆಯಲ್ಲಿ ಹುಟ್ಟಿದ ಬೆಳ್ಳಿಗೆ ಇದು ಹೇಗೋ ಗೊತ್ತು. ಅಟ್ಟದ ಇಲಿಗಳಿಂದ ತನ್ನ ವ್ಯವಸ್ಥೆ ತಾನೇ ಮಾಡಿಕೊಂಡಿದ್ದಳು. ಹಾಲು ಬೆಕ್ಕಿನ ಆಹಾರವೆಂದು ಎಲ್ಲರೂ ನಂಬಿದ್ದೇವಲ್ಲ, ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅದು ಜೀರ್ಣವಾಗುವುದೇ ಇಲ್ಲ, ಭೇದಿಯಾಗುತ್ತದೆ. ಅವಳನ್ನು ತೂಗುವ ಕ್ರಮ ಇನ್ನೂ ಘೋರ. ಬೆಕ್ಕನ್ನು ಎತ್ತಿಕೊಂಡು ನಾವು ತೂಕದ ಯಂತ್ರ ಹತ್ತಬೇಕು, ಆಮೇಲೆ ಬೆಕ್ಕಿಲ್ಲದೆ ಹತ್ತಬೇಕು, ಕಳೆಯಬೇಕು. ಕಳೆಯುವ ಲೆಕ್ಕವನ್ನು ಸಹಾಯಕ ಹುಡುಗ ಇಡೀ ಬೆಂಚಿಗೆ ಕೇಳುವಂತೆ ಗಟ್ಟಿಯಾಗಿ ಮಾಡುತ್ತಾನೆ. ಬೆಳ್ಳಿಯ ತೂಕ ಎಷ್ಟು ಬಂತೆಂದು ಯಾರಿಗೂ ನೆನಪಿಲ್ಲ. ನನ್ನದು ಎಲ್ಲರಿಗೂ ನೆನಪಿದೆ. ಆದರೆ ಆ ಡಾಕ್ಟರು ದನಿ ಏರಿಸಿದ್ದನ್ನು ನಾನು ಕೇಳಿದ್ದು ಬೆಕ್ಕಿನ ವಿಷಯದಲ್ಲೇ. ಬೆಕ್ಕಿಗೆ ಜ್ವರವೆಂದು ಯಾರೋ ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಕೊಡಲು ಹೊರಟಿದ್ದರಂತೆ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗಿಲ್ಲ. ನಮ್ಮ ಒಂದೇ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಹುದು.

ಮಾತ್ರೆ ಕೊಡುವ ವಿದ್ಯೆ ಗುಂಡನ ಮುಂದೆ ಸೋತಿದೆ. ಇಡ್ಲಿಯಲ್ಲಿ ಹುದುಗಿಸಿದರೆ ಇಡ್ಲಿ ಹೋಗುತ್ತದೆ, ಮಾತ್ರೆ ತೊಳೆದಿಟ್ಟ ಹಾಗೆ ತಟ್ಟೆಯಲ್ಲಿರುತ್ತದೆ. ಬೆಲ್ಲ, ಬಾಳೆಹಣ್ಣು, ರಾಗಿ ಮುದ್ದೆ ಎಲ್ಲದರ ಕಥೆಯೂ ಅದೇ. ನಾಲಿಗೆಯ ಬುಡಕ್ಕೆ ಇಟ್ಟು, ಬಾಯಿ ಮುಚ್ಚಿ ಹಿಡಿದು, ಗಂಟಲು ಮೆಲ್ಲಗೆ ಸವರಿ ಎಂದು ಡಾಕ್ಟರು ಒಂದು ನಿಮಿಷದಲ್ಲಿ ಮಾಡಿ ತೋರಿಸಿದರು. ಅವರ ಕೈಯಲ್ಲಿ ಸಲೀಸು. ನಮ್ಮ ಕೈಯಲ್ಲಿ ಗುಂಡ ನುಂಗಿದಂತೆ ನಟಿಸಿ, ಬಾಲ ಆಡಿಸಿ, ಶಹಬ್ಬಾಸ್‌ಗಿರಿ ಪಡೆದು, ಸೋಫಾದ ಹಿಂದೆ ಹೋಗಿ ಉಗುಳಿ ಬರುತ್ತಾನೆ.

ಮಲೆನಾಡಿನಲ್ಲಿ ನಾಯಿ ಸಾಕಿದವರಿಗೆ ಉಣ್ಣೆಯ ಮಾತು ಬಿಟ್ಟು ಬೇರೆ ಮಾತಿಲ್ಲ. ಅತ್ತೆಯ ತವರು ಸೊರಬದ ಕಡೆ. ಅದೇ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿ ಮಂಗನ ಕಾಯಿಲೆ ಪತ್ತೆಯಾದದ್ದು. ಆ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ. ಹಾಗಾಗಿ ಗುಂಡನ ಮೈಯಲ್ಲಿ ಒಂದು ಉಣ್ಣೆ ಕಂಡರೆ ಅತ್ತೆ ಇಡೀ ಮನೆಗೆ ಸೂತಕ ಸಾರುತ್ತಿದ್ದರು. ಡಾಕ್ಟರು ಕೂರಿಸಿಕೊಂಡು ಹೇಳಿದರು: ಅದು ಬೇರೆ, ಇದು ಬೇರೆ. ಇದು ನಾಯಿಯ ಕಂದು ಉಣ್ಣೆ, ಮನೆಯ ಗೋಡೆ ಬಿರುಕಿನಲ್ಲೇ ಸಂಸಾರ ಹೂಡುತ್ತದೆ. ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಗೆ ಮಾತ್ರ ಔಷಧಿ ಹಾಕಿ ಗೋಡೆಯನ್ನು ಬಿಟ್ಟರೆ ಅರ್ಧ ಕೆಲಸವೂ ಆದಂತಲ್ಲ. ಸೀಮೆಎಣ್ಣೆ, ಸುಟ್ಟ ಇಂಜಿನ್ ಆಯಿಲ್ ಬಳಿಯಬೇಡಿ, ನಾಯಿ ನೆಕ್ಕಿಕೊಂಡು ಅದರಿಂದಲೇ ಸಾಯುತ್ತದೆ. ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಊಟ ಬಿಟ್ಟು, ಒಸಡು ಬಿಳಿಚಿ, ಮೂಗಿನಲ್ಲಿ ರಕ್ತ ಕಂಡರೆ ಉಣ್ಣೆ ಜ್ವರವೆಂದು ತಿಳಿದು ಆ ಹೊತ್ತಿಗೇ ತನ್ನಿ. ಮತ್ತೆ, ನಾಯಿಯ ಉಣ್ಣೆ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕು ಉಳಿಯುವುದಿಲ್ಲ. ನಮ್ಮ ಕಾಳಂದಿರ ಕಿವಿಯಲ್ಲಿ ಗೊಂಚಲು ಗೊಂಚಲಾಗಿ ಜೋತುಬಿದ್ದಿದ್ದ ಉಣ್ಣೆಗಳು ಆಗ ನೆನಪಾದವು. ಚಿರತೆಯ ಪಾಲಾಗದೆ ಬಡಕಲಾಗಿ ಕೊಟ್ಟಿಗೆಯ ಹಿಂದೆ ಮಲಗಿ ಹೋದವರಿಗೆ ಏನಾಗಿತ್ತೆಂಬುದು ಈಗ ಊಹೆಗೆ ಸಿಗುತ್ತದೆ.

ರೇಬೀಸ್ ವಿಷಯದಲ್ಲಿ ನಗುವುದು ನನಗೆ ಸಾಧ್ಯವಿಲ್ಲ. ನಮ್ಮ ಬಾಲ್ಯದ ಅತಿದೊಡ್ಡ ಭಯ ಹೊಕ್ಕುಳ ಸುತ್ತಿನ ಹದಿನಾಲ್ಕು ಇಂಜೆಕ್ಷನ್ನಿನದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ, ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗಷ್ಟೇ ನಿಂತಿತು. ಈಗಿನದು ತೋಳಿಗೆ ಚುಚ್ಚುವ ಕೆಲವೇ ಡೋಸು. ಅದರ ನೋವೂ ಅಷ್ಟಕ್ಕಷ್ಟೇ. ನಾಯಿ ಕಚ್ಚಿದರೆ, ಪರಚಿದರೆ ಮೊದಲು ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆಯಬೇಕು, ನೆಟ್ಟಗೆ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಶಿನ, ಮೆಣಸಿನಪುಡಿ ಯಾವುದೂ ಬೇಡ. ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡಿತೆಂದರೆ ಮನುಷ್ಯನಾಗಲಿ ನಾಯಿಯಾಗಲಿ ಬದುಕುವುದಿಲ್ಲವೆಂದೇ ಹೇಳಬೇಕು. ಮರಿಗೆ ಮೂರು ತಿಂಗಳಾದಾಗ ಮೊದಲ ಚುಚ್ಚುಮದ್ದು, ಆಮೇಲೆ ಒಂದು ಬೂಸ್ಟರ್, ಬಳಿಕ ವರ್ಷಕ್ಕೊಂದು. ಕಾಳನ ಕಾಲಕ್ಕೆ ಇದನ್ನು ಹೇಳಿಕೊಡುವವರೂ ಇರಲಿಲ್ಲ, ಕೇಳುವವರೂ ಇರಲಿಲ್ಲ.

ಗುಂಡನಿಗೆ ಈಗ ಹತ್ತು ದಾಟಿದೆ. ರಿಜಿಸ್ಟರಿನಲ್ಲಿ ಅವನ ಹೆಸರಿನ ಪಕ್ಕ 'ಸೀನಿಯರ್' ಎಂದು ಬರೆದಿದ್ದಾರೆ. ಇವರಿಗೂ ಅವನಿಗೂ ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ರಿಪೋರ್ಟು ಬೇಗ ಕೊಡುವುದು ನಾಯಿಯ ಡಾಕ್ಟರೇ. ಕಣ್ಣಿನೊಳಗೆ ತೆಳ್ಳಗೆ ನೀಲಿ ಛಾಯೆ ಬಂದಿದೆ. ಪೊರೆಯಲ್ಲ, ವಯಸ್ಸಾದ ನಾಯಿಗಳ ಕಣ್ಣಿನ ಮಸೂರ ಗಟ್ಟಿಯಾಗಿ ಹಾಗೆ ಕಾಣುತ್ತದೆ, ದೃಷ್ಟಿಗೆ ಅಷ್ಟೇನೂ ತೊಂದರೆಯಿಲ್ಲ ಎಂದರು ಡಾಕ್ಟರು. ಹಬ್ಬಕ್ಕೆಂದು ನಾವು ಆಸೆಪಟ್ಟು ಹಾಕಿಸಿದ ಹೊಳೆಯುವ ಟೈಲ್ಸಿನ ಮೇಲೆ ಅವನ ಹಿಂಗಾಲು ಜಾರುತ್ತದೆ. ಈಗ ಮನೆ ತುಂಬ ಹಳೇ ಚಾಪೆ, ಬಚ್ಚಲ ಮ್ಯಾಟು. ನೆಂಟರು ಬಂದರೆ ಯಾವುದೋ ಕಾರ್ಯ ಮುಗಿದು ಮಡಚಿಡಲು ಮರೆತ ಮನೆ ಇದು ಎಂದುಕೊಳ್ಳುತ್ತಾರೆ.

ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅತ್ತೆ ಅಡುಗೆಮನೆಗೆ ಬಂದು, "ಗುಂಡನ ಎಡ ಕಂಕುಳಲ್ಲಿ ಒಂದು ಗಂಟಿದೆ, ಮಾರಾಯ್ತಿ. ಅಡಿಕೆಯಷ್ಟು ದಪ್ಪ. ಮೊನ್ನೆ ಇರಲಿಲ್ಲ" ಎಂದರು. ಗಂಟಿನ ಸುದ್ದಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕೊನೆಯ ಮಾತು. ಮೊನ್ನೆ ಇರಲಿಲ್ಲವೆಂದು ಅತ್ತೆಗೆ ಹೇಗೆ ಗೊತ್ತು? ಕೇಳಿದರೆ, "ಡಾಕ್ಟ್ರು ದಿನಾ ನೋಡಿ ಅಂದಿದ್ರಲ್ಲ" ಎಂದು ಸಿಡುಕಿದರು. ನಾವೆಲ್ಲ ಮಧ್ಯಾಹ್ನ ಮಲಗಿದ ಮೇಲೆ, ತಾವು ಸಂಜೆಯ ಸ್ನಾನಕ್ಕೆ ಹೋಗುವ ಮುನ್ನ, ಅತ್ತೆ ದಿನಾ ಅವನ ಮೈಯ ಮೇಲೆ ಕೈಯಾಡಿಸುತ್ತಿದ್ದರಂತೆ. ಹೇಗೂ ಸ್ನಾನ ಮಾಡುವುದಿತ್ತಲ್ಲ, ಮಡಿಗೇನೂ ನಷ್ಟವಿಲ್ಲ. ಆ ಕೈಗೆ ಸಿಕ್ಕಿದ ಗಂಟು ನನ್ನ ಕೈಗೆ ಸಿಗಲು ಬಹಳ ಹೊತ್ತು ಹಿಡಿಯಿತು.

ಡಾಕ್ಟರು ಸೂಜಿಯಿಂದ ಒಂದಿಷ್ಟು ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ ನೋಡಿದರು. ಬರೀ ಕೊಬ್ಬಿನ ಗಂಟು, ವಯಸ್ಸಾದ ಲ್ಯಾಬ್ರಡಾರ್‌ಗಳಲ್ಲಿ ಸಾಮಾನ್ಯ, ಬೆಳೆಯುತ್ತದೋ ಎಂದು ನೋಡುತ್ತಿದ್ದರೆ ಸಾಕು ಎಂದರು. ಇದೇ ಬೇರೆ ಜಾತಿಯ ಗಂಟಾಗಿದ್ದರೂ ಇಷ್ಟು ಚಿಕ್ಕದಿರುವಾಗ ಸಿಕ್ಕಿದ್ದರಿಂದ ತೆಗೆದುಹಾಕಬಹುದಿತ್ತು, ಯಾರು ಕಂಡುಹಿಡಿದದ್ದು ಎಂದು ಕೇಳಿದರು. ಅತ್ತೆ ಗೋಡೆಯ ಕ್ಯಾಲೆಂಡರಿನ ಏಕಾದಶಿಯನ್ನು ನೋಡುತ್ತ ಕೂತಿದ್ದರು. ರಸ್ಕು ಮಾತ್ರ ನಿಂತಿಲ್ಲ. ಗಾತ್ರ ಅರ್ಧಕ್ಕಿಳಿದಿದೆ, ಡಾಕ್ಟರು ಅದನ್ನು ತಮ್ಮ ಗೆಲುವೆಂದು ಫೈಲಿನಲ್ಲಿ ಬರೆದುಕೊಂಡಿದ್ದಾರೆ.

ನಿಮ್ಮ ಮನೆಯಲ್ಲಿ ನಾಯಿ ಬೆಕ್ಕು ಇದ್ದರೆ ಎರಡೇ ಕೆಲಸ ಮಾಡಿ. ಇವತ್ತು ರಾತ್ರಿ ಅದರ ಮೈಮೇಲೆ ಒಂದು ಸುತ್ತು ಕೈಯಾಡಿಸಿ, ಕಂಕುಳನ್ನು ಮರೆಯಬೇಡಿ. ಆಮೇಲೆ ಕಪಾಟಿನಲ್ಲಿರುವ ಚುಚ್ಚುಮದ್ದಿನ ಪುಸ್ತಕ ತೆಗೆದು ರೇಬೀಸಿನ ತಾರೀಕು ನೋಡಿ. ದಾಟಿದ್ದರೆ ನಾಳೆಯೇ ಕರೆದುಕೊಂಡು ಹೋಗಿ. ದುಡ್ಡಿನ ಚಿಂತೆಯಿದ್ದರೆ, ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಹಲವು ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಪುಕ್ಕಟೆಯಾಗಿಯೇ ಹಾಕುತ್ತಾರೆ; ಬೀದಿಯ ಕಾಳನಿದ್ದರೆ ಅವನನ್ನೂ ಜೊತೆಗೆ ಕರೆದೊಯ್ಯಿರಿ, ರಿಜಿಸ್ಟರಿನಲ್ಲಿ ನಿಮ್ಮ ಅಡ್ಡಹೆಸರನ್ನೇ ಬರೆಸಿ.